ತಕ್ಕಡಿ ಮತ್ತು ಸೂತ್ರ: ರಾಸಾಯನಿಕ ಸೂತ್ರನಿರ್ಣಯದ ಇತಿಹಾಸ, ೧೭೮೩–೧೮೬೦

೧. ಪ್ರಶ್ನೆಯ ಸ್ವರೂಪ

ನೀರಿನ ಅಣುವಿನಲ್ಲಿ ಜಲಜನಕದ ಎರಡು ಪರಮಾಣುಗಳೂ ಆಮ್ಲಜನಕದ ಒಂದು ಪರಮಾಣುವೂ ಇರುವುವೆಂಬುದು ಇಂದು ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿದ ವಿಷಯ. ಆದರೆ ಈ ತಿಳಿವು ಸ್ಥಿರಪಡಲು ಹಿಡಿದ ಕಾಲವನ್ನು ಗಮನಿಸಿದವರು ಕಡಮೆ. ನೀರು ಮೂಲವಸ್ತುವಲ್ಲ, ಸಂಯುಕ್ತವಸ್ತು ಎಂಬುದನ್ನು ಲೆವಾಸಿಯೆ ಪ್ಯಾರಿಸಿನಲ್ಲಿ ಸಾರಿದ್ದು ೧೭೮೩ರಲ್ಲಿ; ಅದರ ಸೂತ್ರದ ವಿಷಯದಲ್ಲಿ ಯೂರೋಪಿನ ರಸಾಯನಶಾಸ್ತ್ರಜ್ಞರು ಒಮ್ಮತಕ್ಕೆ ಬರತೊಡಗಿದ್ದು ೧೮೬೦ರ ಅನಂತರ. ನಡುವಣ ಎಪ್ಪತ್ತೇಳು ವರ್ಷಗಳಲ್ಲಿ ತಕ್ಕಡಿಗಳು ಸುಧಾರಿಸಿದುವು, ವಿಶ್ಲೇಷಣದ ವಿಧಾನಗಳು ಪರಿಷ್ಕೃತವಾದುವು, ಸಾವಿರಾರು ವಸ್ತುಗಳ ಘಟಕಗಳನ್ನು ತೂಗಿ ನೋಡಲಾಯಿತು. ಹೀಗಿದ್ದೂ ಅತ್ಯಂತ ಪರಿಚಿತವಾದ ಒಂದು ವಸ್ತುವಿನ ಸೂತ್ರವೇ ವಿವಾದಗ್ರಸ್ತವಾಗಿ ಉಳಿದದ್ದು ಏಕೆ? ಕೊನೆಗೆ ಆ ವಿವಾದವನ್ನು ಬಗೆಹರಿಸಿದ್ದು ಯಾವುದು? ಈ ಎರಡು ಪ್ರಶ್ನೆಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪ್ರಶ್ನೆಯ ತಿರುಳನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ವಿನಿಗರಿನ ಹುಳಿಗೆ ಕಾರಣವಾದ ಅಸಿಟಿಕ್ ಆಮ್ಲವನ್ನು ೦.೬೦೦ ಗ್ರಾಮಿನಷ್ಟು ತೆಗೆದುಕೊಂಡು ಪೂರ್ಣವಾಗಿ ದಹಿಸಿದರೆ ೦.೮೮೦ ಗ್ರಾಂ ಇಂಗಾಲಾಮ್ಲ ಅನಿಲವೂ ೦.೩೬೦ ಗ್ರಾಂ ನೀರೂ ದೊರೆಯುತ್ತವೆ. ಇಂಗಾಲಾಮ್ಲ ಅನಿಲದ ತೂಕದಲ್ಲಿ ಹನ್ನೊಂದರಲ್ಲಿ ಮೂರು ಪಾಲು ಇಂಗಾಲ. ನೀರಿನ ತೂಕದಲ್ಲಿ ಒಂಬತ್ತರಲ್ಲಿ ಒಂದು ಪಾಲು ಜಲಜನಕ. ಆದುದರಿಂದ ಆಮ್ಲದಲ್ಲಿದ್ದ ಇಂಗಾಲ ೦.೨೪೦ ಗ್ರಾಂ, ಜಲಜನಕ ೦.೦೪೦ ಗ್ರಾಂ, ಉಳಿದ ೦.೩೨೦ ಗ್ರಾಂ ಆಮ್ಲಜನಕ. ಇಲ್ಲಿಯವರೆಗಿನ ಕಾರ್ಯವೆಲ್ಲ ತಕ್ಕಡಿಯದು. ಇನ್ನು ಮುಂದೆ ಇಂದಿನ ವಿದ್ಯಾರ್ಥಿ ಪ್ರತಿಯೊಂದು ತೂಕವನ್ನೂ ಆಯಾ ಮೂಲವಸ್ತುವಿನ ಪರಮಾಣುಭಾರದಿಂದ ಭಾಗಿಸಿ ಮೋಲ್‌ಗಳ ಸಂಖ್ಯೆಯನ್ನು ಪಡೆಯುತ್ತಾನೆ. ಇಂಗಾಲಕ್ಕೆ ೧೨, ಜಲಜನಕಕ್ಕೆ ೧, ಆಮ್ಲಜನಕಕ್ಕೆ ೧೬ ಎಂದು ಇಟ್ಟುಕೊಂಡರೆ ಬರುವ ಸಂಖ್ಯೆಗಳು ೦.೦೨, ೦.೦೪, ೦.೦೨, ಅಂದರೆ ೧ : ೨ : ೧. ಇದು ಸರಳ ಸೂತ್ರ. ಇದೇ ಪ್ರಮಾಣ ಗ್ಲೂಕೋಸ್ ಸಕ್ಕರೆಗೂ ಮೊಸರಿನ ಲ್ಯಾಕ್ಟಿಕ್ ಆಮ್ಲಕ್ಕೂ ಸಲ್ಲುವುದರಿಂದ ಅಣುಭಾರವನ್ನು ಬೇರೆಯಾಗಿ ತಿಳಿಯಬೇಕಾಗುತ್ತದೆ. ಅಸಿಟಿಕ್ ಆಮ್ಲದ ಅಣುಭಾರ ೬೦ ಆದುದರಿಂದ ಸರಳ ಸೂತ್ರವನ್ನು ಇಮ್ಮಡಿಗೊಳಿಸಿ, ಇಂಗಾಲ ೨, ಜಲಜನಕ ೪, ಆಮ್ಲಜನಕ ೨ ಎಂಬ ಅಣುಸೂತ್ರವನ್ನು ಬರೆಯುತ್ತೇವೆ.

ಈಗ ಇದೇ ತೂಕಗಳನ್ನು ೧೮೪೦ರ ಸುಮಾರಿನಲ್ಲಿ ಜರ್ಮನಿಯಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿದ್ದ ಅಂಕಿಗಳಿಂದ ಭಾಗಿಸಿ ನೋಡೋಣ. ಅವುಗಳ ಪ್ರಕಾರ ಇಂಗಾಲ ೬, ಜಲಜನಕ ೧, ಆಮ್ಲಜನಕ ೮. ಆಗ ಮೂರು ಭಾಗಲಬ್ಧಗಳೂ ೦.೦೪ ಆಗಿ, ಪ್ರಮಾಣ ೧ : ೧ : ೧ ಎಂದಾಗುತ್ತದೆ. ತೂಗಿದವನ ಕೈ ತಪ್ಪಲಿಲ್ಲ, ಗಣಿತ ತಪ್ಪಲಿಲ್ಲ. ಆದರೂ ಸೂತ್ರ ಬೇರೆಯಾಯಿತು. ತಕ್ಕಡಿ ಪ್ರಮಾಣವನ್ನು ಹೇಳಬಲ್ಲುದು, ಎಣಿಕೆಯನ್ನು ಹೇಳಲಾರದು. ತೂಕದಿಂದ ಎಣಿಕೆಗೆ ದಾಟಲು ಒಂದು ಸೇತುವೆ ಬೇಕು. ಆ ಸೇತುವೆಯ ನಿರ್ಮಾಣದ ಕಥೆಯೇ ಸೂತ್ರನಿರ್ಣಯದ ಇತಿಹಾಸ.

೨. ಲೆವಾಸಿಯೆಯಿಂದ ಡಾಲ್ಟನ್ನನವರೆಗೆ

ಪ್ರಯೋಗಕ್ಕೆ ಮೊದಲು ಇದ್ದ ಒಟ್ಟು ತೂಕವೂ ಅನಂತರದ ಒಟ್ಟು ತೂಕವೂ ಸಮವೆಂಬ ತತ್ತ್ವವನ್ನು ಆಧಾರವಾಗಿಟ್ಟುಕೊಂಡು ರಸಾಯನಶಾಸ್ತ್ರವನ್ನು ಲೆಕ್ಕದ ಶಾಸ್ತ್ರವನ್ನಾಗಿ ಮಾಡಿದ ಕೀರ್ತಿ ಲೆವಾಸಿಯೆಗೆ ಸಲ್ಲುತ್ತದೆ. ೧೭೮೫ರಲ್ಲಿ ಅವನು ಮೆನಿಯೆಯೊಡನೆ ಸೇರಿ ನೀರನ್ನು ವಿಭಜಿಸಿ, ಮತ್ತೆ ಅದರ ಘಟಕಗಳಿಂದ ನೀರನ್ನು ಪಡೆಯುವ ಪ್ರಯೋಗವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದನು. ೧೭೮೯ರ ತನ್ನ ಗ್ರಂಥದಲ್ಲಿ ನೀರಿನ ನೂರು ಪಾಲು ತೂಕದಲ್ಲಿ ಆಮ್ಲಜನಕ ೮೫, ಜಲಜನಕ ೧೫ ಎಂಬ ಅಂಕಿಗಳನ್ನು ಕೊಟ್ಟನು. ಇಂದಿನ ಅಂಕಿಗಳು ಸುಮಾರು ೮೮.೮ ಮತ್ತು ೧೧.೨. ಮದ್ಯಸಾರ, ಎಣ್ಣೆ ಮುಂತಾದ ಸಾವಯವ ವಸ್ತುಗಳನ್ನು ದಹಿಸಿ, ಹೊರಬಂದ ಇಂಗಾಲಾಮ್ಲ ಅನಿಲದಿಂದ ಅವುಗಳ ಘಟಕಗಳನ್ನು ಗುಣಿಸುವ ಮಾರ್ಗವನ್ನು ತೋರಿಸಿದವನೂ ಅವನೇ. ೧೭೯೪ರ ಮೇ ತಿಂಗಳಲ್ಲಿ ಅವನು ಕ್ರಾಂತಿಯ ಗಿಲೋಟಿನಿಗೆ ಬಲಿಯಾದನು. ವಿಧಾನ ಮಾತ್ರ ಉಳಿಯಿತು.

ಲೆವಾಸಿಯೆಗೆ ಸೂತ್ರದ ಪ್ರಶ್ನೆಯೇ ಉದ್ಭವಿಸಲಿಲ್ಲ. ಏಕೆಂದರೆ ಪರಮಾಣುಗಳ ವಿಷಯದಲ್ಲಿ ಅವನು ಏನನ್ನೂ ಪ್ರತಿಪಾದಿಸಲಿಲ್ಲ. ಆ ಪ್ರಶ್ನೆಯನ್ನು ಎತ್ತಿದವನು ಮ್ಯಾಂಚೆಸ್ಟರಿನ ಉಪಾಧ್ಯಾಯ ಜಾನ್ ಡಾಲ್ಟನ್. ಪ್ರತಿಯೊಂದು ಮೂಲವಸ್ತುವೂ ತನ್ನದೇ ಆದ ನಿಯತ ತೂಕವುಳ್ಳ ಪರಮಾಣುಗಳಿಂದಾದುದು, ಸಂಯುಕ್ತವಸ್ತುವಿನಲ್ಲಿ ಈ ಪರಮಾಣುಗಳು ಸಣ್ಣ ಪೂರ್ಣಸಂಖ್ಯೆಗಳಲ್ಲಿ ಕೂಡುತ್ತವೆ ಎಂಬ ಅವನ ವಾದ ೧೮೦೩ರಲ್ಲಿ ಅಂಕುರಿಸಿ ೧೮೦೮ರ ಗ್ರಂಥದಲ್ಲಿ ಪೂರ್ಣರೂಪವನ್ನು ತಾಳಿತು. ಆದರೆ ಪರಮಾಣುವಿನ ತೂಕ ತಿಳಿಯಬೇಕಾದರೆ ಸೂತ್ರ ತಿಳಿದಿರಬೇಕು. ಸೂತ್ರ ತಿಳಿಯಬೇಕಾದರೆ ಪರಮಾಣುವಿನ ತೂಕ ತಿಳಿದಿರಬೇಕು. ಬೀಜವೃಕ್ಷನ್ಯಾಯದ ಈ ತೊಡಕಿನಿಂದ ಹೊರಬರಲು ಡಾಲ್ಟನ್ನನು ಒಂದು ನಿಯಮವನ್ನು ಕಲ್ಪಿಸಿಕೊಂಡನು: ಎರಡು ಮೂಲವಸ್ತುಗಳು ಕೂಡಿ ಆದ ಸಂಯುಕ್ತವಸ್ತು ಒಂದೇ ಒಂದು ತಿಳಿದಿದ್ದರೆ, ಬೇರೆ ಕಾರಣವಿಲ್ಲದ ಪಕ್ಷದಲ್ಲಿ ಅದರಲ್ಲಿ ಒಂದೊಂದು ಪರಮಾಣು ಇದೆಯೆಂದು ಭಾವಿಸತಕ್ಕದ್ದು. ಇದರಂತೆ ನೀರು ಜಲಜನಕ ಒಂದು, ಆಮ್ಲಜನಕ ಒಂದು. ಅಮೋನಿಯ ಸಾರಜನಕ ಒಂದು, ಜಲಜನಕ ಒಂದು. ೧೮೦೮ರಲ್ಲಿ ಅವನು ಆಮ್ಲಜನಕಕ್ಕೆ ಕೊಟ್ಟ ತೂಕ ೭. ಈ ಅಂಕಿ ಪ್ರಯೋಗದ ದೋಷದಿಂದ ಕೂಡಿತ್ತು. ಆದರೆ ಪ್ರಯೋಗ ನಿರ್ದುಷ್ಟವಾಗಿದ್ದರೂ ಅವನಿಗೆ ದೊರೆಯುತ್ತಿದ್ದುದು ೮ ಮಾತ್ರ, ೧೬ ಅಲ್ಲ. ಪ್ರಯೋಗದ ದೋಷವನ್ನು ಕಾಲಕ್ರಮದಲ್ಲಿ ತಿದ್ದಬಹುದು. ನಿಯಮದ ದೋಷವನ್ನು ತಿದ್ದಲು ಎಷ್ಟು ತೂಗಿದರೂ ಸಾಲದು.

೩. ಘನಪ್ರಮಾಣದ ಸಾಕ್ಷ್ಯ

ತೂಕಕ್ಕೆ ಹೊರತಾದ ಸಾಕ್ಷ್ಯವೊಂದು ಇದೇ ವೇಳೆಗೆ ಪ್ಯಾರಿಸಿನಲ್ಲಿ ಒದಗಿತು. ನೂರು ಪಾಲು ಘನಪ್ರಮಾಣದ ಆಮ್ಲಜನಕಕ್ಕೆ ಜಲಜನಕ ಇನ್ನೂರು ಪಾಲು ಬೇಕಾಗುವುದನ್ನು ಗೇಲುಸಾಕ್ ಮತ್ತು ಹಂಬೋಲ್ಟ್ ೧೮೦೫ರಲ್ಲಿ ಕಂಡುಕೊಂಡಿದ್ದರು. ಅನಿಲಗಳು ಯಾವಾಗಲೂ ಹೀಗೆ ಸರಳ ಘನಪ್ರಮಾಣಗಳಲ್ಲಿಯೇ ಕೂಡುತ್ತವೆಂಬ ಸಾಮಾನ್ಯ ನಿಯಮವನ್ನು ಗೇಲುಸಾಕ್ ೧೮೦೮ರ ಕೊನೆಯಲ್ಲಿ ಮಂಡಿಸಿ, ಮರುವರ್ಷ ಪ್ರಕಟಿಸಿದನು. ಸಮಾನ ಘನಪ್ರಮಾಣದ ಅನಿಲಗಳಲ್ಲಿ ಕಣಗಳ ಸಂಖ್ಯೆಯೂ ಸಮಾನವೆಂದು ಒಪ್ಪಿದರೆ ಸೂತ್ರಗಳು ತಾವಾಗಿಯೇ ಗೋಚರಿಸುವಂತಿತ್ತು.

ಡಾಲ್ಟನ್ನನು ಇದನ್ನು ಒಪ್ಪಲಿಲ್ಲ. ಅವನ ನಿರಾಕರಣೆಯನ್ನು ಕೇವಲ ಹಟವೆಂದು ಬಗೆಯುವುದು ರೂಢಿಯಾಗಿದೆ. ಆದರೆ ಅವನ ಆಕ್ಷೇಪಗಳು ತರ್ಕಬದ್ಧವಾಗಿದ್ದುವು. ನೀರಿನ ಕಣದಲ್ಲಿ ಆಮ್ಲಜನಕದ ಪರಮಾಣುವಿನ ಜೊತೆಗೆ ಜಲಜನಕವೂ ಸೇರಿದೆ. ಆದುದರಿಂದ ನೀರಿನ ಕಣ ಆಮ್ಲಜನಕದ ಕಣಕ್ಕಿಂತ ಭಾರವಾಗಿರಬೇಕು. ಸಮಾನ ಘನಪ್ರಮಾಣಗಳಲ್ಲಿ ಸಮಾನ ಸಂಖ್ಯೆಯ ಕಣಗಳಿದ್ದರೆ ನೀರಿನ ಆವಿಯೂ ಆಮ್ಲಜನಕಕ್ಕಿಂತ ಭಾರವಾಗಿರಬೇಕು. ವಾಸ್ತವವಾಗಿ ಅದು ಹಗುರ: ಜಲಜನಕಕ್ಕೆ ಹೋಲಿಸಿದರೆ ಆಮ್ಲಜನಕದ ಸಾಂದ್ರತೆ ೧೬ ಮಡಿ, ನೀರಿನ ಆವಿಯದು ೯ ಮಡಿ. ಇದಲ್ಲದೆ ಒಂದು ಪಾಲು ಸಾರಜನಕವೂ ಒಂದು ಪಾಲು ಆಮ್ಲಜನಕವೂ ಕೂಡಿ ಎರಡು ಪಾಲು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಕಣಗಳ ಸಂಖ್ಯೆ ಇಮ್ಮಡಿಯಾಗಬೇಕಾದರೆ ಪರಮಾಣು ಒಡೆಯಬೇಕು. ಒಡೆಯಲಾಗದುದೇ ಪರಮಾಣುವೆಂದು ಸಾರಿದವನು ಇದನ್ನು ಹೇಗೆ ಒಪ್ಪಿಯಾನು?

ಉತ್ತರ ಬಂದದ್ದು ಇಟಲಿಯಿಂದ. ವೆರ್ಚೆಲ್ಲಿಯ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದ ಅಮೆಡಿಯೊ ಅವೊಗಾಡ್ರೊ ೧೮೧೧ರಲ್ಲಿ ಫ್ರೆಂಚ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅನಿಲರೂಪದ ಮೂಲವಸ್ತುವಿನ ಕಣ ಒಂಟಿ ಪರಮಾಣುವಾಗಿರಬೇಕಿಲ್ಲ, ಎರಡೋ ಹೆಚ್ಚೋ ಭಾಗಗಳ ಕೂಟವಾಗಿರಬಹುದು ಎಂದು ಸೂಚಿಸಿದನು. ಆಮ್ಲಜನಕದ ಕಣ ಎರಡಾಗಿ ಬೇರ್ಪಟ್ಟು, ಒಂದೊಂದು ಅರ್ಧವೂ ನೀರಿನ ಒಂದೊಂದು ಕಣದಲ್ಲಿ ಸೇರುತ್ತದೆ. ಆಗ ಆವಿ ಆಮ್ಲಜನಕಕ್ಕಿಂತ ಹಗುರವಾಗಿರುವುದು ಸಹಜವೇ ಆಯಿತು. ನೈಟ್ರಿಕ್ ಆಕ್ಸೈಡಿನ ತೊಡಕೂ ಬಿಟ್ಟಿತು. ಡಾಲ್ಟನ್ನನ ಎರಡು ಆಕ್ಷೇಪಗಳಿಗೂ ಒಂದೇ ಸಮಾಧಾನ. ಅವೊಗಾಡ್ರೊ ಜಲಜನಕಕ್ಕೆ ಹೋಲಿಸಿ ಆಮ್ಲಜನಕದ ತೂಕ ಸುಮಾರು ೧೫ ಎಂದು ಲೆಕ್ಕಹಾಕಿದನು. ಆಗಿನ ಸಾಂದ್ರತೆಯ ಮಾಪನಗಳು ಇನ್ನಷ್ಟು ನಿಖರವಾಗಿದ್ದರೆ ೧೬ ಎಂಬ ಅಂಕಿಯೇ ಬರುತ್ತಿತ್ತು. ೧೮೧೪ರಲ್ಲಿ ಆಂಪೇರ್ ಸ್ವತಂತ್ರವಾಗಿ ಇಂಥದೇ ವಿಚಾರವನ್ನು ಮಂಡಿಸಿದನು.

ಈ ಲೇಖನದ ಪಾರಿಭಾಷಿಕ ಶಬ್ದಗಳು ಅದರ ಪ್ರಸಾರಕ್ಕೆ ನೆರವಾಗಲಿಲ್ಲ. ಅವೊಗಾಡ್ರೊ ಪರಮಾಣು ಎಂಬರ್ಥದ ಶಬ್ದವನ್ನು ಬಳಸದೆ, ಮಾಲಿಕ್ಯೂಲ್ ಎಂಬ ಒಂದೇ ಶಬ್ದಕ್ಕೆ ಬೇರೆ ಬೇರೆ ವಿಶೇಷಣಗಳನ್ನು ಸೇರಿಸಿ ಕೂಟವನ್ನೂ ಅದರ ಭಾಗವನ್ನೂ ಸೂಚಿಸಿದನು. ಕನ್ನಡ ಓದುಗನಿಗೆ ಅಣು ಮತ್ತು ಪರಮಾಣು ಎಂಬ ಎರಡು ಶಬ್ದಗಳು ಮೊದಲೇ ಕೈಗೆ ಬಂದಿರುವುದರಿಂದ ಈ ತೊಡಕು ವಿಚಿತ್ರವಾಗಿ ತೋರಬಹುದು. ಆದರೆ ಇವೆರಡೂ ನಮ್ಮ ದರ್ಶನಗ್ರಂಥಗಳಿಂದ ಬಂದು, ಆಧುನಿಕ ಕಾಲದಲ್ಲಿ ಹೊಸ ಅರ್ಥಕ್ಕೆ ನಿಯೋಜಿತವಾದ ಶಬ್ದಗಳು. ಪದ ಪುರಾತನವಾದ ಮಾತ್ರಕ್ಕೆ ಅದರ ಇಂದಿನ ಅರ್ಥ ಪುರಾತನವಾಗದು. ನಮ್ಮಲ್ಲಿಯೂ ಬಳಕೆ ಇನ್ನೂ ನಿಷ್ಕೃಷ್ಟವಾಗಿಲ್ಲವೆಂಬುದಕ್ಕೆ, ಪರಮಾಣುವಿನ ಒಡಲಿನಿಂದ ಹೊರಡುವ ಶಕ್ತಿಯನ್ನು ನಾವು ಅಣುಶಕ್ತಿಯೆಂದೇ ಕರೆಯುತ್ತಿರುವುದು ಸಾಕ್ಷಿ.

೪. ವಿಶ್ಲೇಷಣೆಯ ಪರಿಪೂರ್ಣತೆ

ಸೇತುವೆಯ ವಿಚಾರ ಹೀಗೆ ಮೂಲೆಗುಂಪಾಗಿದ್ದಾಗ ತಕ್ಕಡಿಯ ಕೆಲಸ ಮಾತ್ರ ಅದ್ಭುತವಾಗಿ ಮುನ್ನಡೆಯಿತು. ಸ್ವೀಡನ್ನಿನ ಬರ್ಜೀಲಿಯಸ್ ಹಲವು ವರ್ಷಗಳ ಕಾಲ ಅಸಂಖ್ಯ ಸಂಯುಕ್ತವಸ್ತುಗಳನ್ನು ವಿಶ್ಲೇಷಿಸಿ ಪರಮಾಣುಭಾರಗಳ ಪಟ್ಟಿಗಳನ್ನು ಸಿದ್ಧಪಡಿಸಿದನು. ಮೂಲವಸ್ತುಗಳಿಗೆ ಅಕ್ಷರಸಂಕೇತಗಳನ್ನು ಕೊಟ್ಟವನೂ ಅವನೇ. ಅವನ ೧೮೨೬ರ ಪಟ್ಟಿಯಲ್ಲಿ ಬಹಳಷ್ಟು ಅಂಕಿಗಳು ಇಂದಿನವುಗಳಿಗೆ ಸಮೀಪದಲ್ಲಿವೆ. ಆದರೆ ಬೆಳ್ಳಿ, ಸೋಡಿಯಂ, ಪೊಟ್ಯಾಸಿಯಂಗಳಿಗೆ ಇಮ್ಮಡಿ ಭಾರ ಬಂದಿದೆ. ನೀರಿನಲ್ಲಿ ಜಲಜನಕದ ಎರಡು ಪರಮಾಣುಗಳಿವೆಯೆಂದು ಬರ್ಜೀಲಿಯಸ್ ಒಪ್ಪಿದ್ದನು. ಆದರೆ ಆ ಒಪ್ಪಿಗೆಗೆ ಆಧಾರವಾಗಿದ್ದುದು ಅವೊಗಾಡ್ರೊವಿನ ಸಿದ್ಧಾಂತವಲ್ಲ. ಮೂಲವಸ್ತುಗಳ ಅನಿಲಗಳಲ್ಲಿ ಮಾತ್ರ ಸಮಾನ ಘನಪ್ರಮಾಣಕ್ಕೆ ಸಮಾನ ಸಂಖ್ಯೆಯ ಪರಮಾಣುಗಳಿರುವುವೆಂಬುದು ಅವನ ಭಾವನೆ. ರಾಸಾಯನಿಕ ಸಂಯೋಗಕ್ಕೆ ವಿರುದ್ಧ ವಿದ್ಯುತ್ತುಗಳ ಆಕರ್ಷಣೆಯೇ ಕಾರಣವೆಂದು ನಂಬಿದವನಿಗೆ ಆಮ್ಲಜನಕದ ಪರಮಾಣು ಇನ್ನೊಂದು ಆಮ್ಲಜನಕದ ಪರಮಾಣುವಿನೊಡನೆ ಕೂಡುವುದು ಅಸಂಭವವಾಗಿ ಕಂಡಿತು. ಹೀಗೆ ನೀರಿನ ವಿಷಯದಲ್ಲಿ ಅವನ ನಿರ್ಣಯ ಸರಿಯಾಗಿದ್ದರೂ ಅದಕ್ಕೆ ಕೊಟ್ಟ ಕಾರಣ ಬಲವಾಗಿರಲಿಲ್ಲ.

ಸಾವಯವ ವಸ್ತುಗಳ ವಿಶ್ಲೇಷಣೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಗೂ ಎಟಕುವಂತೆ ಮಾಡಿದವನು ಗೀಸೆನ್ ವಿಶ್ವವಿದ್ಯಾನಿಲಯದ ಯುಸ್ಟುಸ್ ಲೀಬಿಗ್. ವಸ್ತುವನ್ನು ತಾಮ್ರದ ಆಕ್ಸೈಡಿನೊಡನೆ ಬೆರೆಸಿ ಗಾಜಿನ ಕೊಳವೆಯಲ್ಲಿ ಕಾಯಿಸುವ ವಿಧಾನ ಅವನಿಗೆ ಮೊದಲೇ ಬಳಕೆಯಲ್ಲಿತ್ತು. ಹೊರಬಂದ ಇಂಗಾಲಾಮ್ಲ ಅನಿಲವನ್ನು ಪಾದರಸದ ಮೇಲೆ ಸಂಗ್ರಹಿಸಿ ಅದರ ಘನಪ್ರಮಾಣವನ್ನು ಅಳೆಯಬೇಕಾಗಿದ್ದುದರಿಂದ ಕೆಲಸ ಕಠಿನವಾಗಿತ್ತು. ಅಲ್ಪ ಪರಿಮಾಣದ ವಸ್ತುವನ್ನಷ್ಟೇ ತೆಗೆದುಕೊಳ್ಳಬಹುದಾಗಿತ್ತು. ೧೮೩೧ರಲ್ಲಿ ಲೀಬಿಗ್ ಐದು ಗಾಜಿನ ಬುರುಡೆಗಳನ್ನು ತ್ರಿಕೋಣಾಕಾರವಾಗಿ ಜೋಡಿಸಿದ ಪುಟ್ಟ ಉಪಕರಣವನ್ನು ಪ್ರಕಟಿಸಿದನು. ದಹನದ ಅನಿಲಗಳು ಮೊದಲು ಕ್ಯಾಲ್ಸಿಯಂ ಕ್ಲೋರೈಡಿನ ಕೊಳವೆಯ ಮೂಲಕ ಹಾದು ಅಲ್ಲಿ ನೀರನ್ನು ಬಿಡುತ್ತವೆ. ಅನಂತರ ಬುರುಡೆಗಳಲ್ಲಿರುವ ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ ಇಂಗಾಲಾಮ್ಲ ಅನಿಲ ಲೀನವಾಗುತ್ತದೆ. ಎರಡನ್ನೂ ಮೊದಲೊಮ್ಮೆ, ಆಮೇಲೊಮ್ಮೆ ತೂಗಿದರೆ ಸಾಕು. ಅನಿಲವನ್ನು ಅಳೆಯುವ ಕಷ್ಟ ತಪ್ಪಿ ತೂಗುವ ಸೌಲಭ್ಯ ಬಂದಿತು. ಹೆಚ್ಚು ವಸ್ತುವನ್ನು ತೆಗೆದುಕೊಳ್ಳಬಹುದಾದುದರಿಂದ ದೋಷವೂ ತಗ್ಗಿತು. ಗೀಸೆನ್ನಿನ ಪ್ರಯೋಗಶಾಲೆಗೆ ನಾನಾ ದೇಶಗಳಿಂದ ಬಂದ ಶಿಷ್ಯರು ಈ ವಿದ್ಯೆಯನ್ನು ಕಲಿತು ತಮ್ಮ ತಮ್ಮ ನಾಡುಗಳಿಗೆ ಕೊಂಡೊಯ್ದರು. ಅಮೆರಿಕದ ರಸಾಯನಶಾಸ್ತ್ರ ಸಂಘದ ಲಾಂಛನದಲ್ಲಿ ಈ ಬುರುಡೆಗಳ ಚಿತ್ರ ಸ್ಥಾನ ಪಡೆದಿರುವುದು ಅದರ ಪ್ರಭಾವಕ್ಕೆ ನಿದರ್ಶನ.

ವಿಶ್ಲೇಷಣೆ ನಿಖರವಾದಷ್ಟೂ ಅದರ ಮಿತಿಯೂ ಸ್ಫುಟವಾಯಿತು. ವೋಲರ್ ಪರೀಕ್ಷಿಸಿದ ಬೆಳ್ಳಿಯ ಸಯನೇಟಿಗೂ ಲೀಬಿಗ್ ಪರೀಕ್ಷಿಸಿದ ಬೆಳ್ಳಿಯ ಫಲ್ಮಿನೇಟಿಗೂ ಘಟಕಪ್ರಮಾಣ ಒಂದೇ ಎಂದು ೧೮೨೪ರ ಸುಮಾರಿಗೆ ತಿಳಿದುಬಂದಿತು. ಮೊದಲನೆಯದು ಶಾಂತವಸ್ತು, ಎರಡನೆಯದು ಭೀಕರ ಸ್ಫೋಟಕ. ಯಾರ ವಿಶ್ಲೇಷಣೆಯೋ ತಪ್ಪಿರಬೇಕೆಂಬ ಸಂಶಯ ಮೊದಲು ಬಂದರೂ, ಎರಡೂ ಸರಿಯೆಂದು ಕೊನೆಗೆ ಸ್ಥಿರಪಟ್ಟಿತು. ಇಂಥ ವಸ್ತುಗಳಿಗೆ ೧೮೩೦ರಲ್ಲಿ ಬರ್ಜೀಲಿಯಸ್ ಐಸೊಮರ್ ಎಂಬ ಹೆಸರನ್ನಿಟ್ಟನು. ಘಟಕಗಳ ಪ್ರಮಾಣವೊಂದೇ ವಸ್ತುವಿನ ಗುರುತಲ್ಲ, ಅವುಗಳ ಜೋಡಣೆಯೂ ಮುಖ್ಯ ಎಂಬುದು ಸಿದ್ಧವಾಯಿತು. ಎಣಿಕೆಯೇ ಅನಿಶ್ಚಿತವಾಗಿರುವಲ್ಲಿ ಜೋಡಣೆಯನ್ನು ನಿರ್ಧರಿಸುವುದಾದರೂ ಹೇಗೆ? ೧೮೬೧ರಲ್ಲಿ ಪ್ರಕಟವಾದ ಕೆಕುಲೆಯ ಪಠ್ಯಗ್ರಂಥದಲ್ಲಿ ಅಸಿಟಿಕ್ ಆಮ್ಲವೊಂದಕ್ಕೇ ಬೇರೆ ಬೇರೆ ಲೇಖಕರು ಬಳಸಿದ ಹತ್ತೊಂಬತ್ತು ಸೂತ್ರಗಳ ಪಟ್ಟಿಯಿದೆ. ಅವುಗಳ ಹಿಂದಿದ್ದ ತೂಕಗಳ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

೫. ಸಂಶಯದ ಕಾಲ

ಅವೊಗಾಡ್ರೊವಿನ ಮತ ಐವತ್ತು ವರ್ಷ ಕಾಲ ಉಪೇಕ್ಷೆಗೆ ಗುರಿಯಾಯಿತೆಂದೂ, ಅವನು ಎಲೆಮರೆಯ ಕಾಯಿಯಂತೆ ಇದ್ದುದೇ ಅದಕ್ಕೆ ಕಾರಣವೆಂದೂ ಅನೇಕ ಗ್ರಂಥಗಳಲ್ಲಿ ಬರೆದಿರುತ್ತದೆ. ಈ ವಿವರಣೆ ಅರ್ಧಸತ್ಯ. ಅವನ ಮತವನ್ನು ಬಲ್ಲವರೂ ಇದ್ದರು. ಅದನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದರು. ಪರೀಕ್ಷೆಯ ಫಲ ಪ್ರತಿಕೂಲವಾಗಿ ಕಂಡದ್ದೇ ನಿಜವಾದ ತೊಡಕು.

ಪ್ಯಾರಿಸಿನ ಡ್ಯೂಮಾ ೧೮೨೬ರಲ್ಲಿ ಹೆಚ್ಚಿನ ಉಷ್ಣತೆಯಲ್ಲಿ ಆವಿಗಳ ಸಾಂದ್ರತೆಯನ್ನು ಅಳೆಯುವ ವಿಧಾನವನ್ನು ಕಂಡುಹಿಡಿದು, ಸಾಂದ್ರತೆಯಿಂದ ಪರಮಾಣುಭಾರವನ್ನು ತಿಳಿಯಲು ಯತ್ನಿಸಿದನು. ಜಲಜನಕದೊಡನೆ ಹೋಲಿಸಿದಾಗ ಪಾದರಸದ ಆವಿಯ ಸಾಂದ್ರತೆ ಸುಮಾರು ೧೦೦ ಬಂದಿತು. ಇತರ ಆಧಾರಗಳಿಂದ ನಿರೀಕ್ಷಿತವಾಗಿದ್ದುದು ೨೦೦. ರಂಜಕದ ಆವಿಗೆ ೩೧ರ ಬದಲು ಸುಮಾರು ೬೨, ಗಂಧಕದ ಆವಿಗೆ ೩೨ರ ಬದಲು ಸುಮಾರು ೯೬. ಒಂದು ಅರ್ಧ, ಒಂದು ಇಮ್ಮಡಿ, ಒಂದು ಮುಮ್ಮಡಿ! ಮೂಲವಸ್ತುಗಳ ಅಣುಗಳೆಲ್ಲ ಒಂದೇ ಸಂಖ್ಯೆಯ ಪರಮಾಣುಗಳಿಂದ ಆಗಿವೆಯೆಂಬ ಅರಿವಿಲ್ಲದ ಒಂದು ಊಹೆ ಈ ಹೋಲಿಕೆಯ ಹಿಂದೆ ಅಡಗಿತ್ತು. ಪಾದರಸದ ಅಣುವಿನಲ್ಲಿ ಪರಮಾಣು ಒಂದೇ, ರಂಜಕದಲ್ಲಿ ನಾಲ್ಕು, ಡ್ಯೂಮಾ ಅಳೆದ ಉಷ್ಣತೆಯ ಗಂಧಕದ ಆವಿಯಲ್ಲಿ ಸರಾಸರಿ ಆರು. ಇದನ್ನು ಅರಿತರೆ ಮೂರು ಅಂಕಿಗಳೂ ಅವೊಗಾಡ್ರೊವಿನ ಪರವಾದ ಸಾಕ್ಷಿಗಳೇ. ಗೋದಾಂ ಎಂಬ ಫ್ರೆಂಚ್ ವಿದ್ವಾಂಸನು ೧೮೩೩ರಲ್ಲಿಯೇ ಪಾದರಸದ ಅಣು ಏಕಪರಮಾಣುಕವೆಂದು ವಿವರಿಸಿದ್ದನು. ಅವನ ಮಾತಿಗೆ ಬೆಲೆ ಬರಲಿಲ್ಲ. ಡ್ಯೂಮಾ ೧೮೩೬ರ ಉಪನ್ಯಾಸಗಳಲ್ಲಿ, ಅನುಭವದ ಆಚೆಗಿರುವ ಪರಮಾಣು ಎಂಬ ಶಬ್ದವನ್ನೇ ಶಾಸ್ತ್ರದಿಂದ ಕೈಬಿಡುವುದು ಲೇಸೆಂಬ ಅಭಿಪ್ರಾಯಕ್ಕೆ ಬಂದನು.

ಈ ನಿರಾಶೆಯ ಫಲವಾಗಿ, ಊಹೆಗಳನ್ನು ಬಿಟ್ಟು ತೂಕವನ್ನು ಮಾತ್ರ ನೆಚ್ಚಬೇಕೆಂಬ ಪಕ್ಷ ಪ್ರಬಲವಾಯಿತು. ಜರ್ಮನಿಯ ಗ್ಮೆಲಿನನ ಗ್ರಂಥದ ಪ್ರಭಾವದಿಂದ ಪರಮಾಣುಭಾರಗಳ ಬದಲು ತುಲ್ಯಭಾರಗಳು ಬಳಕೆಗೆ ಬಂದುವು: ಜಲಜನಕ ೧, ಇಂಗಾಲ ೬, ಆಮ್ಲಜನಕ ೮. ನೀರು ಮತ್ತೆ ಜಲಜನಕ ಒಂದು, ಆಮ್ಲಜನಕ ಒಂದು ಎಂದಾಯಿತು. ಊಹೆಯನ್ನು ತ್ಯಜಿಸಿದೆವೆಂದು ಈ ಪಕ್ಷದವರು ಭಾವಿಸಿದರೂ, ನೀರಿನ ಸೂತ್ರವನ್ನು ಹೀಗೆ ಬರೆಯುವುದೇ ಡಾಲ್ಟನ್ನನ ಹಳೆಯ ಊಹೆಗೆ ಮರಳಿದಂತೆ ಎಂಬುದು ಅವರ ಗಮನಕ್ಕೆ ಬರಲಿಲ್ಲ. ೧೮೪೦ರಿಂದೀಚೆಗೆ ಫ್ರಾನ್ಸಿನಲ್ಲಿ ಗೆರಾರ್ಡ್ ಮತ್ತು ಲೋರಾಂ ಎಂಬ ಇಬ್ಬರು ತರುಣರು ಸಾವಯವ ವಸ್ತುಗಳ ಸೂತ್ರಗಳನ್ನು ಸಮಾನ ಆವಿಪ್ರಮಾಣದ ಆಧಾರದ ಮೇಲೆ ಸರಿಪಡಿಸತೊಡಗಿದರು. ಅಧಿಕಾರಸ್ಥರ ವಿರೋಧವನ್ನು ಎದುರಿಸಿ ದುಡಿದ ಅವರಲ್ಲಿ ಲೋರಾಂ ೧೮೫೩ರಲ್ಲಿಯೂ ಗೆರಾರ್ಡ್ ೧೮೫೬ರಲ್ಲಿಯೂ ತಮ್ಮ ಪಕ್ಷದ ಗೆಲುವನ್ನು ಕಾಣದೆ ತೀರಿಕೊಂಡರು.

೬. ಕಾನಿಜಾರೊ

೧೮೨೬ರಲ್ಲಿ ಪಾಲೆರ್ಮೊ ನಗರದಲ್ಲಿ ಜನಿಸಿದ ಸ್ಟಾನಿಸ್ಲಾವೊ ಕಾನಿಜಾರೊ ೧೮೪೮ರ ಸಿಸಿಲಿಯ ಕ್ರಾಂತಿಯಲ್ಲಿ ಭಾಗವಹಿಸಿ, ಅದು ವಿಫಲವಾದ ಮೇಲೆ ದೇಶಭ್ರಷ್ಟನಾಗಿ ಪ್ಯಾರಿಸ್ ಸೇರಿದನು. ಅನಂತರ ಇಟಲಿಗೆ ಹಿಂದಿರುಗಿ, ೧೮೫೫ರಿಂದ ಜಿನೋವ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾದನು. ಅಲ್ಲಿ ತಾನು ನೀಡುತ್ತಿದ್ದ ಪಾಠಗಳ ಸಾರಾಂಶವನ್ನು ೧೮೫೮ರ ಮಾರ್ಚಿಯಲ್ಲಿ ಮಿತ್ರನೊಬ್ಬನಿಗೆ ಪತ್ರರೂಪವಾಗಿ ಬರೆದನು. ಅದೇ ವರ್ಷ ಅದು ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಕಿರುಹೊತ್ತಗೆಯ ವೈಶಿಷ್ಟ್ಯ ಇತಿಹಾಸದ ವಿದ್ಯಾರ್ಥಿಗೆ ವಿಶೇಷ ಮನನೀಯ. ಸಮಸ್ಯೆಯನ್ನು ಬಿಡಿಸಲು ಕಾನಿಜಾರೊ ಹೊಸ ಪ್ರಯೋಗವನ್ನು ಮುಂದಿಡಲಿಲ್ಲ. ಗೇಲುಸಾಕ್, ಅವೊಗಾಡ್ರೊ, ಆಂಪೇರ್, ಬರ್ಜೀಲಿಯಸ್, ಡ್ಯೂಮಾ, ಗೋದಾಂ, ಗೆರಾರ್ಡ್ ಇವರ ವಿಚಾರಗಳನ್ನು ಕಾಲಾನುಕ್ರಮವಾಗಿ ವಿದ್ಯಾರ್ಥಿಗಳ ಮುಂದಿಟ್ಟು, ಒಬ್ಬೊಬ್ಬರೂ ಎಲ್ಲಿ ಮತ್ತು ಏಕೆ ದಾರಿ ಬದಲಿಸಿದರೆಂಬುದನ್ನು ಪರಿಶೀಲಿಸಿದನು. ಅವೊಗಾಡ್ರೊವಿನ ಮತಕ್ಕೆ ವಿರುದ್ಧವೆಂದು ಎಣಿಸಿದ ಸಂಗತಿಗಳಲ್ಲಿ ಯಾವುದೂ ವಾಸ್ತವವಾಗಿ ಅದಕ್ಕೆ ವಿರುದ್ಧವಲ್ಲ. ಆ ಮತದೊಡನೆ ಹೊರಗಿನಿಂದ ಬೆರೆತ ಅನ್ಯ ಕಲ್ಪನೆಗಳಿಗೆ ಮಾತ್ರ ಅವು ವಿರುದ್ಧ ಎಂಬುದು ಅವನ ನಿರ್ಣಯ.

ಬಳಿಕ ಅವನು ಅನುಸರಿಸಿದ ಕ್ರಮ ಸರಳವಾದುದು. ಜಲಜನಕದ ಅಣುಭಾರವನ್ನು ೨ ಎಂದು ಇಟ್ಟುಕೊಂಡು, ಆವಿಸಾಂದ್ರತೆಯ ಮೂಲಕ ಪ್ರತಿಯೊಂದು ವಸ್ತುವಿನ ಅಣುಭಾರವನ್ನು ಕಂಡುಹಿಡಿಯಬೇಕು. ಆ ಅಣುಭಾರದಲ್ಲಿ ಒಂದೊಂದು ಮೂಲವಸ್ತುವಿನ ಪಾಲೆಷ್ಟೆಂಬುದನ್ನು ವಿಶ್ಲೇಷಣೆಯಿಂದ ತಿಳಿಯಬೇಕು. ಇಂಗಾಲವನ್ನು ತೆಗೆದುಕೊಳ್ಳೋಣ. ಮೊನಾಕ್ಸೈಡಿನ ಅಣುಭಾರ ೨೮, ಅದರಲ್ಲಿ ಇಂಗಾಲ ೧೨. ಇಂಗಾಲಾಮ್ಲ ಅನಿಲದ ೪೪ರಲ್ಲಿ ೧೨. ಜೌಗುನೆಲದ ಅನಿಲವಾದ ಮೀಥೇನಿನ ೧೬ರಲ್ಲಿ ೧೨. ಎಥಿಲೀನಿನ ೨೮ರಲ್ಲಿ ೨೪. ಪ್ರೊಪಿಲೀನಿನ ೪೨ರಲ್ಲಿ ೩೬. ಈಥರಿನ ೭೪ರಲ್ಲಿ ೪೮. ಎಲ್ಲಿ ನೋಡಿದರೂ ೧೨ ಅಥವಾ ಅದರ ಅಪವರ್ತ್ಯ. ೬ ಎಲ್ಲಿಯೂ ಇಲ್ಲ, ೧೮ ಇಲ್ಲ, ೩೦ ಇಲ್ಲ. ಇಂಗಾಲದ ಪರಮಾಣು ೬ ಆಗಿದ್ದರೆ ಅದು ಯಾವಾಗಲೂ ಜೋಡಿಜೋಡಿಯಾಗಿಯೇ ಕಾಣಿಸಿಕೊಳ್ಳುವುದಕ್ಕೆ ಕಾರಣವೇನು? ಅದೇ ರೀತಿ ಆಮ್ಲಜನಕ ನೀರಿನ ೧೮ರಲ್ಲಿ ೧೬, ಮೊನಾಕ್ಸೈಡಿನಲ್ಲಿ ೧೬, ಇಂಗಾಲಾಮ್ಲ ಅನಿಲದಲ್ಲಿ ೩೨, ಆಮ್ಲಜನಕದ ಅನಿಲದಲ್ಲಿಯೇ ೩೨. ಹದಿನಾರಕ್ಕಿಂತ ಕಡಮೆಯ ಪಾಲು ಯಾವ ಅಣುವಿನಲ್ಲಿಯೂ ದೊರೆಯದು. ಆದುದರಿಂದ ಇಂಗಾಲದ ಪರಮಾಣುಭಾರ ೧೨, ಆಮ್ಲಜನಕದ್ದು ೧೬. ನೀರಿನಲ್ಲಿ ಜಲಜನಕ ಎರಡು, ಆಮ್ಲಜನಕ ಒಂದು. ಒಂದು ವಸ್ತುವನ್ನು ಒಂಟಿಯಾಗಿ ಪರೀಕ್ಷಿಸಿದಾಗ ಬಗೆಹರಿಯದ ಬೀಜವೃಕ್ಷದ ತೊಡಕು, ಅನೇಕ ವಸ್ತುಗಳನ್ನು ಒಟ್ಟಿಗೆ ಸಾಲಾಗಿ ನಿಲ್ಲಿಸಿದೊಡನೆ ಕರಗಿತು.

ಪಾದರಸದಂಥ ಲೋಹಗಳಿಗೆ ಅವನು ಇನ್ನೊಂದು ಒರೆಗಲ್ಲನ್ನು ಬಳಸಿದನು. ಘನ ಮೂಲವಸ್ತುಗಳ ವಿಶಿಷ್ಟೋಷ್ಣವನ್ನು ಪರಮಾಣುಭಾರದಿಂದ ಗುಣಿಸಿದರೆ ಹೆಚ್ಚುಕಡಮೆ ಒಂದೇ ಸಂಖ್ಯೆ ಬರುತ್ತದೆಂದು ಡ್ಯೂಲಾಂ ಮತ್ತು ಪೆತಿ ೧೮೧೯ರಲ್ಲಿ ತೋರಿಸಿದ್ದರು. ಪಾದರಸಕ್ಕೆ ೨೦೦ ಎಂದು ಇಟ್ಟುಕೊಂಡಾಗ ಈ ನಿಯಮ ಸರಿಹೊಂದುತ್ತದೆ. ೧೦೦ ಎಂದರೆ ಹೊಂದದು. ಡ್ಯೂಮಾನನ್ನು ಕಂಗೆಡಿಸಿದ ಅಂಕಿಯೇ ಹೀಗೆ ಪಾದರಸದ ಅಣು ಏಕಪರಮಾಣುಕವೆಂಬುದಕ್ಕೆ ಪ್ರಮಾಣವಾಯಿತು.

೭. ಕಾರ್ಲ್ಸ್‌ರುಹೆ ಮತ್ತು ಅನಂತರ

ಸೂತ್ರಗಳ ಗೊಂದಲವನ್ನು ನಿವಾರಿಸಲೆಂದು ಕೆಕುಲೆ, ವುರ್ಟ್ಜ್, ವೆಲ್ಟ್‌ಜಿನ್ ಇವರ ಪ್ರಯತ್ನದಿಂದ ೧೮೬೦ರ ಸೆಪ್ಟೆಂಬರ್ ೩ರಿಂದ ೫ರವರೆಗೆ ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೊಂದು ನೆರೆಯಿತು. ನೂರಕ್ಕೂ ಮಿಕ್ಕ ವಿದ್ವಾಂಸರು ಬಂದಿದ್ದರು. ಕಾನಿ‌ಜಾರೊ ಅಲ್ಲಿ ತನ್ನ ಪಕ್ಷವನ್ನು ಸಮರ್ಥವಾಗಿ ಪ್ರತಿಪಾದಿಸಿದನು. ಆದರೆ ಶಾಸ್ತ್ರವಿಷಯವನ್ನು ಬಹುಮತದಿಂದ ನಿರ್ಧರಿಸುವುದು ಯುಕ್ತವಲ್ಲವೆಂಬ ಭಾವನೆಯಿಂದ ಸಭೆ ನಿರ್ಣಯವಿಲ್ಲದೆಯೇ ಮುಗಿಯಿತು. ಕೊನೆಯಲ್ಲಿ ಆಂಜೆಲೊ ಪಾವೆಸಿ ಎಂಬ ಇಟಲಿಯ ಪ್ರತಿನಿಧಿ ಕಾನಿಜಾರೊವಿನ ಹೊತ್ತಗೆಯ ಪ್ರತಿಗಳನ್ನು ಹಂಚಿದನು. ಅದನ್ನು ಕೊಂಡೊಯ್ದು ಓದಿದ ಲೋಥರ್ ಮೈಯರನಿಗೆ ತನ್ನ ಸಂಶಯಗಳು ನೀಗಿ ನಿಶ್ಚಯಬುದ್ಧಿ ಮೂಡಿದುದಾಗಿ ಅವನೇ ಮುಂದೆ ಬರೆದಿದ್ದಾನೆ. ೧೮೬೪ರಲ್ಲಿ ಅವನು ಹೊಸ ಪರಮಾಣುಭಾರಗಳ ಆಧಾರದ ಮೇಲೆ ತನ್ನ ಗ್ರಂಥವನ್ನು ರಚಿಸಿದನು. ಸಮ್ಮೇಳನಕ್ಕೆ ಬಂದಿದ್ದ ರಷ್ಯದ ತರುಣ ಮೆಂಡಲೀವನು ೧೮೬೯ರಲ್ಲಿ ಮೂಲವಸ್ತುಗಳ ಆವರ್ತಕೋಷ್ಟಕವನ್ನು ಪ್ರಕಟಿಸಿದನು. ಪರಮಾಣುಭಾರಗಳು ನೆಲೆಗೊಳ್ಳದೆ ಈ ಕೋಷ್ಟಕ ಸಾಧ್ಯವಾಗುತ್ತಿರಲಿಲ್ಲ.

ಮುಂದಿನ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ಗ್ರಾಮುಗಳಲ್ಲಿ ತೂಗಿದ ಅಣುಭಾರಕ್ಕೆ ಮೋಲ್ ಎಂಬ ಹೆಸರನ್ನು ೧೮೯೦ರ ದಶಕದಲ್ಲಿ ಬಳಕೆಗೆ ತಂದವನು ವಿಲ್ಹೆಲ್ಮ್ ಓಸ್ಟ್‌ವಾಲ್ಡ್. ಪರಮಾಣುಗಳ ಅಸ್ತಿತ್ವವನ್ನೇ ಆಗ ಅವನು ಒಪ್ಪುತ್ತಿರಲಿಲ್ಲವೆಂಬುದು ವಿಪರ್ಯಾಸ. ಫ್ರಾನ್ಸಿನ ಪೆರಾಂ ೧೯೦೯ರ ಸುಮಾರಿಗೆ ಒಂದು ಮೋಲಿನಲ್ಲಿರುವ ಅಣುಗಳ ಸಂಖ್ಯೆಯನ್ನು ಹಲವು ಮಾರ್ಗಗಳಿಂದ ಗುಣಿಸಿ, ಅದಕ್ಕೆ ಅವೊಗಾಡ್ರೊವಿನ ಹೆಸರನ್ನಿಟ್ಟನು. ಆಸ್ಟ್ರಿಯದ ಪ್ರೆಗ್ಲ್ ಲೀಬಿಗ್ಗನ ವಿಧಾನವನ್ನು ಕೆಲವೇ ಮಿಲಿಗ್ರಾಂ ವಸ್ತುವಿಗೆ ಅಳವಡಿಸಿ ೧೯೨೩ರ ನೊಬೆಲ್ ಪಾರಿತೋಷಿಕವನ್ನು ಪಡೆದನು. ೧೯೭೧ರಲ್ಲಿ ಮೋಲ್ ಅಂತರರಾಷ್ಟ್ರೀಯ ಮಾನಪದ್ಧತಿಯ ಮೂಲಮಾನಗಳಲ್ಲೊಂದಾಯಿತು. ೨೦೧೯ರ ಮೇ ೨೦ರಿಂದ ಅದರ ವ್ಯಾಖ್ಯೆ ತೂಕವನ್ನು ಅವಲಂಬಿಸದೆ, ೬.೦೨೨೧೪೦೭೬ನ್ನು ಹತ್ತರ ಇಪ್ಪತ್ತಮೂರನೆಯ ಘಾತದಿಂದ ಗುಣಿಸಿದ ನಿಯತ ಸಂಖ್ಯೆಯನ್ನೇ ಅವಲಂಬಿಸಿದೆ. ತೂಕದಿಂದ ಹೊರಟ ಶಾಸ್ತ್ರ ಹೀಗೆ ಎಣಿಕೆಯಲ್ಲಿ ನೆಲೆಗೊಂಡಿತು.

೮. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ಸೂತ್ರವೆಂಬುದು ವಿಶ್ಲೇಷಣೆಯಿಂದ ನೇರವಾಗಿ ಉದುರುವ ಫಲವಲ್ಲ; ತೂಕ, ಘನಪ್ರಮಾಣ, ಉಷ್ಣ ಎಂಬ ಬೇರೆ ಬೇರೆ ಸಾಕ್ಷ್ಯಗಳನ್ನು ಒಂದಕ್ಕೊಂದು ಹೊಂದಿಸಿ ಪಡೆದ ನಿರ್ಣಯ. ಎರಡನೆಯದಾಗಿ, ಅವೊಗಾಡ್ರೊವನ್ನು ಒಪ್ಪದಿದ್ದವರು ಕುರುಡರಾಗಿರಲಿಲ್ಲ. ಡಾಲ್ಟನ್ನನ ಬಳಿ ತರ್ಕವಿತ್ತು, ಬರ್ಜೀಲಿಯಸನ ಬಳಿ ಸಿದ್ಧಾಂತವಿತ್ತು, ಡ್ಯೂಮಾನ ಬಳಿ ಪ್ರಯೋಗವಿತ್ತು. ಗೆದ್ದವರ ಕಣ್ಣಿನಿಂದ ಮಾತ್ರ ಗತಕಾಲವನ್ನು ನೋಡುವವನಿಗೆ ಇವರೆಲ್ಲರೂ ಹಟಮಾರಿಗಳಾಗಿ ತೋರುತ್ತಾರೆ. ಆಗ ಸತ್ಯ ತಡವಾಗಿ ಅಂಗೀಕೃತವಾದುದರ ನಿಜವಾದ ಕಾರಣಗಳು ಮರೆಯಾಗುತ್ತವೆ.

ಮೂರನೆಯದು ನಮ್ಮ ಅಧ್ಯಯನವಿಭಾಗಕ್ಕೆ ಹತ್ತಿರವಾದ ಅಂಶ. ಐವತ್ತು ವರ್ಷಗಳ ತೊಡಕನ್ನು ಬಿಡಿಸಿದ ಹೊತ್ತಗೆ ತನ್ನ ಶಾಸ್ತ್ರದ ಪೂರ್ವೇತಿಹಾಸವನ್ನು ವಿಮರ್ಶಿಸಿ ಬೋಧಿಸಿದ ಒಬ್ಬ ಅಧ್ಯಾಪಕನ ಪಾಠಗಳ ಸಾರಾಂಶ. ಇತಿಹಾಸಜ್ಞಾನವೊಂದರಿಂದಲೇ ಈ ಕಾರ್ಯ ನಡೆಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಗೆರಾರ್ಡ್, ಲೋರಾಂ ಮೊದಲಾದವರ ಸಂಶೋಧನೆಗಳು ನೆಲವನ್ನು ಹದಗೊಳಿಸಿರದಿದ್ದರೆ ಕಾನಿಜಾರೊವಿನ ಬೀಜ ಮೊಳೆಯುತ್ತಿರಲಿಲ್ಲ. ಆದರೂ ವಿಜ್ಞಾನದ ಇತಿಹಾಸವು ಮುಗಿದುಹೋದ ಕಾರ್ಯಗಳ ಸ್ಮರಣೆ ಮಾತ್ರವೆಂದೂ, ಅದನ್ನು ಪಠ್ಯಕ್ರಮದಿಂದ ಬಿಟ್ಟರೆ ವಿದ್ಯಾರ್ಥಿಗೆ ನಷ್ಟವಿಲ್ಲವೆಂದೂ ಬಗೆಯುವವರು ಈ ನಿದರ್ಶನವನ್ನು ಗಮನಿಸಬೇಕು. ಬೇಕಾಗಿದ್ದ ಸಾಕ್ಷ್ಯದಲ್ಲಿ ಬಹುಪಾಲು ಹಳೆಯ ಲೇಖನಗಳಲ್ಲಿಯೇ ಇತ್ತು. ಅದನ್ನು ಮತ್ತೆ ಓದುವವನೊಬ್ಬನು ಬೇಕಾಗಿದ್ದನು.